‘ತೂಬಿನ ಹೆಣ್ಣು’ ನೋಡಿದವರು

ನಮ್ಮೂರಿನ ಹಲಗೆಯ ಮೇಲೆ ಸುಳ್ಳು ನಿಲ್ಲುವುದಿಲ್ಲ. ಪೋಸ್ಟಾಫೀಸಿನ ಎದುರು, ಬಸ್ಸು ತಿರುಗುವ ಮೂಲೆಯಲ್ಲಿ, ಎರಡು ಕಲ್ಲುಕಂಬಗಳ ನಡುವೆ ಕೂರಿಸಿರುವ ಆಳೆತ್ತರದ ಕಪ್ಪು ಹಲಗೆ ಅದು. ಸೀಮೆಸುಣ್ಣದಲ್ಲಿ ನಿಜವನ್ನು ಬರೆದರೆ ಮಾರನೆಯ ದಿನ ಒದ್ದೆ ಬಟ್ಟೆ ಹಾಕಿ ತಿಕ್ಕುವ ತನಕ ಕೂತಿರುತ್ತದೆ. ಸುಳ್ಳು ಬರೆದರೆ, ಬರೆದವನು ಕೈ ಕೊಡವಿಕೊಳ್ಳುವಷ್ಟರಲ್ಲಿ ಅಕ್ಷರಗಳೆಲ್ಲ ಪುಡಿಯಾಗಿ ಕೆಳಗಿನ ಕಟ್ಟೆಯ ಮೇಲೆ ಉದುರುತ್ತವೆ. ಹಿಂದೆ ಯಾರು ಬೇಕಾದರೂ ಬರೆಯಬಹುದಿತ್ತಂತೆ. ಹೆಣ್ಣಿನ ಕಡೆಯವರು ಗಂಡಿನ ವಯಸ್ಸು ಬರೆದು ನೋಡಲು ಬರುತ್ತಿದ್ದರಂತೆ. ಒಂದೇ ವರ್ಷದಲ್ಲಿ ಹನ್ನೊಂದು ಮದುವೆ ಮುರಿದ ಮೇಲೆ ಹಿರಿಯರು ಸೇರಿ ಹಲಗೆಗೆ ಜಾಲರಿಯ ಬಾಗಿಲು ಮಾಡಿಸಿ ಬೀಗ ಹಾಕಿದರು. ಅಂದಿನಿಂದ ದಿನಕ್ಕೊಂದೇ ಸಾಲು, ಅದೂ ಮನೆಮನೆಯ ವಿಷಯ ಬಿಟ್ಟು.

ಆ ಸಾಲನ್ನು ಆರಿಸಿ ಬರೆಯುವವರು ನಾವು ನಾಲ್ಕು ಜನ. ಯಾರೂ ನೇಮಿಸಿದ್ದಲ್ಲ, ಖುಷಿಗೆ ಮಾಡುವ ಕೆಲಸ. ಸರ್ವೇ ಇಲಾಖೆಯಿಂದ ನಿವೃತ್ತರಾದ ಗುರುಶಾಂತಪ್ಪನವರು ನಮಗೆ ಹಿರಿಯರು, ಬೀಗದ ಕೈ ಇರುವುದು ಅವರ ಜನಿವಾರದಂಥ ಒಂದು ಕರಿದಾರದಲ್ಲಿ. ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕುವ ಲೋಕಪಾಲ ಇನ್ನೊಬ್ಬ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಜಬೀನ್‌ತಾಜ್ ನಮ್ಮಲ್ಲಿ ಚಿಕ್ಕವಳು. ನಾಲ್ಕನೆಯವಳು ನಾನು, ನಳಿನಿ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಪ್ರೂಫ್ ನೋಡುತ್ತೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಲೈಬ್ರರಿಯ ಮಹಡಿಯ ಮೇಲೆ ಸೇರುತ್ತೇವೆ. ಊರಿನವರು ಡಬ್ಬಕ್ಕೆ ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತುತ್ತೇವೆ. ಎತ್ತಿದ ಚೀಟಿಯನ್ನು ವಾಪಸು ಹಾಕುವಂತಿಲ್ಲ. ಅದರಲ್ಲಿರುವ ವಿಷಯದ ಬಗ್ಗೆ ‘ನಿಮಗೆ ಗೊತ್ತಾ?’ ಎಂದು ಶುರುವಾಗುವ ಒಂದು ಸಾಲು ಸೋಮವಾರ ಬೆಳಿಗ್ಗೆ ಹಲಗೆಯ ಮೇಲಿರಬೇಕು. ವಾರದ ಉಳಿದ ದಿನಗಳ ಸಾಲುಗಳನ್ನು ನಾವೇ ಹೊಂದಿಸುತ್ತೇವೆ. ಸಾಲು ತಂದವರು ಅದನ್ನು ಪರಿಶೀಲಿಸುವಂತಿಲ್ಲ, ಬೇರೆಯವರು ಕಾಗದಪತ್ರ ನೋಡಿ ಒಪ್ಪಬೇಕು. ಬರೀ ನಿಜವಾಗಿದ್ದರೆ ಸಾಲದು, ಸ್ವಾರಸ್ಯವೂ ಬೇಕು. ಸೈಕಲ್ಲಿನಲ್ಲಿ ಹೋಗುವವನು ಒಂದು ಕಾಲು ನೆಲಕ್ಕೆ ಊರಿ ನಿಂತು ಓದಬೇಕು, ಅದು ಗುರುಶಾಂತಪ್ಪನವರ ಅಳತೆ. ‘ನಮ್ಮೂರಿನ ಪೋಸ್ಟಾಫೀಸಿನ ಗಡಿಯಾರಕ್ಕೆ ಗೋಡೆಯ ಕಡೆಗೂ ಒಂದು ಮುಖವಿದೆ’ ಎಂದು ಬರೆದ ದಿನ ಹದಿನೇಳು ಸೈಕಲ್ಲು ನಿಂತಿದ್ದವು.

ಆ ಭಾನುವಾರ ಚೀಟಿ ಬಿಚ್ಚಿದವನು ಲೋಕಪಾಲ. ಬಿಚ್ಚಿದವನು ಗಟ್ಟಿಯಾಗಿ ಓದದೆ ನನ್ನ ಮುಖ ನೋಡಿದ. ಆಮೇಲೆ ಮೇಜಿನ ಮೇಲಿಟ್ಟ. ‘ತೂಬಿನ ಹೆಣ್ಣು ಸಿನಿಮಾ’ ಎಂದು ಬರೆದಿತ್ತು.

“ಯಾರ್ರೀ ಇದನ್ನ ಹಾಕಿದ್ದು?” ಎಂದರು ಗುರುಶಾಂತಪ್ಪನವರು.

“ನಾನೇ ಸರ್,” ಎಂದಳು ಜಬೀನ್. “ಆ ಮುರುಕಲು ಟಾಕೀಸ್ ಮುಂದೇನೆ ದಿನಾ ಡ್ಯೂಟಿಗೆ ಹೋಗ್ತೀನಿ. ಯಾಕೆ ಹಿಂಗಾಯ್ತು ಅಂತ ಯಾರನ್ನ ಕೇಳಿದ್ರೂ ಮಾತು ಬದಲಾಯಿಸ್ತಾರೆ. ಒಂದು ಸಿನಿಮಾ ತಾನೆ?”

ಅವಳು ಆಗಿನ್ನೂ ಹುಟ್ಟಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ನಮ್ಮೂರಿನ ಕೆರೆಯಲ್ಲೇ ತೆಗೆದ ಸಿನಿಮಾ ಅದು. ನೀರು ಬಿಡುವ ತೂಬು ಕಿತ್ತುಹೋಗಿ ಏರಿ ಒಡೆಯುವ ಹೊತ್ತಿನಲ್ಲಿ ಒಬ್ಬ ವಿಧವೆ ನೀರಿಗಿಳಿದು ಅದನ್ನು ಮುಚ್ಚುವ ಕಥೆ. ನೂರೈವತ್ತು ಜನ ಊರಿನವರೇ ಅದರಲ್ಲಿ ಪಾತ್ರ ಮಾಡಿದ್ದರು. ವಿಧವೆಯ ಪಾತ್ರಕ್ಕೆ ಗೊತ್ತುಮಾಡಿದ್ದ ನಟಿ ಬರದೆ ಹೋದಾಗ ನಿರ್ದೇಶಕ ನಮ್ಮ ಕಾಲೇಜಿನ ನಾಟಕದಲ್ಲಿ ಕಂಡಿದ್ದ ಒಬ್ಬ ಹುಡುಗಿಯನ್ನು ಆರಿಸಿಕೊಂಡ. ಅವಳು ನನ್ನ ಅಕ್ಕ ಕುಮುದ. ಚಿತ್ರಾವತಿ ಟಾಕೀಸಿನಲ್ಲಿ ಮೊದಲ ದಿನದ ಮ್ಯಾಟಿನಿಯಲ್ಲೇ ಗಲಾಟೆ ಎದ್ದು ಕುರ್ಚಿಗಳು ಮುರಿದವು, ಪರದೆ ಹರಿಯಿತು, ರೀಲಿನ ಡಬ್ಬಗಳು ಕೆರೆಗೆ ಬಿದ್ದವು. ಕಾರಣ ಆ ದೃಶ್ಯ. ನಾಯಕಿ ಮೈಮೇಲೆ ನೂಲಿಲ್ಲದೆ ಕೆರೆಯಿಂದ ಎದ್ದು ಬರುತ್ತಾಳೆ, ಏರಿಯ ಮೇಲೆ ಗಂಡಸರು ನಿಂತು ನಗುತ್ತಾರೆ. ಊರಿನ ಹೆಣ್ಣುಮಕ್ಕಳ ಮಾನ ಹರಾಜಿಗಿಟ್ಟಳು ಎಂದು ಎಲ್ಲರೂ ಬೈದರು. ಐದನೆಯ ದಿನ ಅಕ್ಕ ಊರು ಬಿಟ್ಟಳು. ಮತ್ತೆ ಬರಲಿಲ್ಲ.

ಸಾಲು ಹುಡುಕುವ ಕೆಲಸ ಶುರುವಾಯಿತು. ‘ಊರಿನ ನೂರೈವತ್ತು ಜನ ನಟಿಸಿದ್ದರು’ ಎಂದರು ಗುರುಶಾಂತಪ್ಪನವರು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ‘ಮಳೆಯ ದೃಶ್ಯಕ್ಕೆ ಪುರಸಭೆಯ ಟ್ಯಾಂಕರ್ ಬಳಸಿದ್ದರು’ ಎಂದೆ ನಾನು. ಯಾರೂ ಕಾಲೂರಿ ನಿಲ್ಲುವುದಿಲ್ಲ ಎಂದ ಲೋಕಪಾಲ.

“ಸುತ್ತಿ ಬಳಸಿ ಯಾಕ್ರೀ? ಆ ಸಿನಿಮಾ ಅಂದ್ರೆ ಆ ಸೀನು. ಅದನ್ನೇ ನೇರವಾಗಿ ಬರೆದುಬಿಡೋಣ. ಒಂದು ದಿನ ಇರುತ್ತೆ, ಒರೆಸ್ತೀವಿ, ಮುಗೀತು.” ಹಾಗೆಂದವನು ತಲೆ ತಗ್ಗಿಸಿದ. “ನಳಿನಿ ಒಪ್ಪಿದ್ರೆ ಮಾತ್ರ.”

ಸಂಬಂಧಿಕರ ವಿಷಯ ಬಂದರೆ ಎದ್ದು ಹೊರಗೆ ಕೂರಬೇಕೆನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗುರುಶಾಂತಪ್ಪನವರು ಬಾಗಿಲ ಕಡೆ ನೋಡಿದರು. ನಾನು ಏಳಲಿಲ್ಲ.

“ಬರೀರಿ ಸರ್. ಇದ್ದದ್ದನ್ನ ಇತ್ತು ಅನ್ನೋಕೆ ನಂದೇನು ಅಡ್ಡಿ? ಮ್ಯಾಟಿನಿಗೆ ಹೋಗಿದ್ದೆ, ನಾನೇ ಕಣ್ಣಾರೆ ನೋಡಿದೀನಿ,” ಎಂದೆ. ಹೀಗೆ ಹೇಳುವಾಗ ನನ್ನ ದನಿ ನಡುಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸಲ ಹೇಳಿ ರೂಢಿಯಾಗಿದ್ದ ಮಾತು. ನಾನು ಅಕ್ಕನ ಕಡೆಯವಳಲ್ಲ ಎಂದು ತೋರಿಸಿಕೊಳ್ಳಲು ಊರಿನಲ್ಲಿ ನನಗಿದ್ದ ದಾರಿ ಅದೊಂದೇ ಆಗಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ನಾಲ್ವರೂ ಹಲಗೆಯ ಮುಂದೆ ಸೇರಿದೆವು. ಮೊದಲ ಬಸ್ಸಿಗೆ ಕಾಯುವವರು, ಹೂ ಕಟ್ಟುವವರು, ಹಾಲಿನ ಕ್ಯಾನಿನವರು, ಒಟ್ಟು ಮೂವತ್ತು ನಲವತ್ತು ಜನ ಆಗಲೇ ಇದ್ದರು. ಗುರುಶಾಂತಪ್ಪನವರು ತಮ್ಮ ಗುಂಡು ಅಕ್ಷರದಲ್ಲಿ ಬರೆದರು. ‘ನಿಮಗೆ ಗೊತ್ತಾ? ತೂಬಿನ ಹೆಣ್ಣು ಸಿನಿಮಾದಲ್ಲಿ ನಾಯಕಿ ಬಟ್ಟೆಯಿಲ್ಲದೆ ಕೆರೆಯಿಂದ ಎದ್ದು ಬರುವ ದೃಶ್ಯವಿತ್ತು.’

ಪೂರ್ಣವಿರಾಮ ಇಟ್ಟು ಕೈ ತೆಗೆಯುವುದರೊಳಗೆ ಸಾಲು ಉದುರಿತು.

ಗುರುಶಾಂತಪ್ಪನವರು ಸೀಮೆಸುಣ್ಣವನ್ನು ತಿರುಗಿಸಿ ನೋಡಿ, “ಥಂಡಿ ಹಿಡಿದಿರಬೇಕು,” ಎಂದು ಬೇರೆ ಕಡ್ಡಿ ತೆಗೆದುಕೊಂಡರು. ಮತ್ತೆ ಬರೆದರು. ಮತ್ತೆ ಉದುರಿತು. ‘ಅರೆಬಟ್ಟೆಯಲ್ಲಿ’ ಎಂದು ತಿದ್ದಿ ಬರೆದರು. ಅದೂ ಬಿತ್ತು. ‘ಏರಿಯ ಮೇಲೆ ಗಂಡಸರು ನಗುವ ದೃಶ್ಯವಿತ್ತು’ ಎಂದು ಇನ್ನೊಂದು. ಅದೂ ನಿಲ್ಲಲಿಲ್ಲ. ಕಟ್ಟೆಯ ಮೇಲೆ ಬಿಳಿ ಪುಡಿ ರಾಗಿ ಬೀಸಿದ ಹಾಗೆ ಗುಡ್ಡೆಯಾಯಿತು.

“ಹಲಗೆ ಕೆಟ್ಟೋಗಿದೆ ಕಣ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದರು. “ನಾನು ನೋಡಿದೀನಿ, ನಮ್ಮನೆಯವರೂ ನೋಡಿದಾರೆ!”

ಜಬೀನ್ ಹಲಗೆಯ ಮೂಲೆಯಲ್ಲಿ ‘ಇವತ್ತು ಸೋಮವಾರ’ ಎಂದು ಬರೆದಳು. ನಿಂತಿತು. ಕೆಳಗೆ ‘ಇವತ್ತು ಮಂಗಳವಾರ’ ಎಂದು ಬರೆದಳು. ಉದುರಿತು. ಹಲಗೆ ಸರಿಯಾಗೇ ಇತ್ತು.

ಲೋಕಪಾಲನ ಮುಖ ಕೆಂಪಾಗಿತ್ತು. ಆ ದಿನ ಟಾಕೀಸಿನಲ್ಲಿ ಪರದೆಯನ್ನು ಹರಿದವರ ಪೈಕಿ ತಾನೂ ಒಬ್ಬ ಎಂದು ಅವನು ಎಷ್ಟೋ ಸಲ ಹೇಳಿಕೊಂಡಿದ್ದ. “ಕೊಡ್ರೀ ಇಲ್ಲಿ,” ಎಂದು ಸೀಮೆಸುಣ್ಣ ಕಿತ್ತುಕೊಂಡು ದಪ್ಪಕ್ಷರದಲ್ಲಿ ಬರೆದ. ‘ಲೋಕಪಾಲ ಆ ದೃಶ್ಯವನ್ನು ನೋಡಿದ್ದಾನೆ.’ ಬರೆದು ಎದೆಯುಬ್ಬಿಸಿ ಜನರ ಕಡೆ ತಿರುಗಿದ. ಅವನ ಬೆನ್ನ ಹಿಂದೆ ಮೊದಲು ‘ನೋಡಿದ್ದಾನೆ’ ಬಿತ್ತು, ಆಮೇಲೆ ಉಳಿದದ್ದು. ಜನರ ಮುಖ ನೋಡಿಯೇ ಅವನಿಗೆ ತಿಳಿಯಿತು. ತಿರುಗಿ ಹಲಗೆಯನ್ನು ನೋಡಿದವನು ಅಲ್ಲೇ ಕಟ್ಟೆಯ ಮೇಲೆ, ಆ ಪುಡಿಯ ಮೇಲೇ ಕುಸಿದು ಕೂತ.

“ನಿಮ್ಮಲ್ಲಿ ನೋಡಿದವರು ಯಾರಾದ್ರೂ ಬನ್ನಿ, ಹೆಸರು ಬರೀರಿ,” ಎಂದರು ಗುರುಶಾಂತಪ್ಪನವರು. ಕೂಗುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಹೂ ಕಟ್ಟುವ ಮುದುಕಿ ಪುಟ್ಟನಂಜಮ್ಮ ಮಾತ್ರ ಬಂದಳು. ಓದು ಬರಹ ಬಾರದವಳು, ಜಬೀನ್ ಕೈ ಹಿಡಿದು ಬರೆಸಿದಳು. ಬಿತ್ತು. “ಅಯ್ಯೋ ಶಿವನೇ, ಹಂಗಾದ್ರೆ ನಾನು ನೋಡಿದ್ದೇನನ್ನ?” ಎಂದಳು ಮುದುಕಿ, ಯಾರನ್ನೋ ಗದರುವವಳಂತೆ.

ನಾನು ಮುಂದೆ ಹೋದೆ. ನನ್ನದು ಬೀಳುವುದಿಲ್ಲ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬೇರೆಯವರು ಬಾಯಿಮಾತಿಗೆ ಹೇಳಿರಬಹುದು. ನನಗೆ ಹಸಿರು ನೀರು ನೆನಪಿದೆ, ನೀರಿನಿಂದ ಏಳುವ ಬೆನ್ನು ನೆನಪಿದೆ, ಬೆನ್ನಿನ ಎಡಗಡೆ ಹುಣಸೆಬೀಜದಂಥ ಮಚ್ಚೆ ನೆನಪಿದೆ. ಇಷ್ಟು ನೆನಪಿರುವುದು ನೋಡದೆ ಎಲ್ಲಿಂದ ಬರುತ್ತದೆ? ‘ನಳಿನಿ ನೋಡಿದ್ದಾಳೆ’ ಎಂದು ಬರೆದೆ. ಎರಡೇ ಪದ. ಉದುರುವಾಗ ಪುಡಿ ನನ್ನ ಕಾಲಬೆರಳುಗಳ ಮೇಲೆ ಬಿತ್ತು.

ಆ ಮಚ್ಚೆಯನ್ನು ನಾನು ಎಲ್ಲಿ ನೋಡಿದ್ದೆನೆಂದು ಅಲ್ಲಿ ನಿಂತಿರುವಾಗಲೇ ಹೊಳೆಯಿತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಅಕ್ಕನ ಬೆನ್ನು ತಿಕ್ಕುತ್ತಿದ್ದವಳು ನಾನು. ಬಚ್ಚಲುಮನೆಯ ಬೆನ್ನನ್ನು ಎತ್ತಿಕೊಂಡು ಹೋಗಿ ಕೆರೆಯಲ್ಲಿಟ್ಟವಳೂ ನಾನೇ. ಜಬೀನ್ ನನ್ನ ತೋಳು ಹಿಡಿದುಕೊಂಡಳು. ಇನ್ನೊಂದು ನೆನಪೂ ಅದರ ಹಿಂದೆಯೇ ಬಂತು. ಊರು ಬಿಡುವ ಹಿಂದಿನ ದಿನ ಅಕ್ಕ ಅಪ್ಪನ ಕಾಲು ಹಿಡಿದುಕೊಂಡಿದ್ದಳು. ‘ಹಲಗೆ ಬೀಗ ತೆಗೆಸಿ ಅಪ್ಪಾ, ಬರೆದು ನೋಡೋಣ. ಒಂದು ನಿಮಿಷದ ಕೆಲಸ.’ ‘ಮನೆ ಹೆಣ್ಣಿನ ಮಾನವನ್ನ ಬಸ್‌ಸ್ಟ್ಯಾಂಡಿಗೆ ತಗೊಂಡು ಹೋಗ್ಲಾ?’ ಎಂದು ಅಪ್ಪ ಎದ್ದು ಹೋದರು. ಅವಳು ನನ್ನ ಕೋಣೆಯ ಬಾಗಿಲಿಗೆ ಬಂದಳು. ‘ನಳಿನೀ, ನೀನಾದ್ರೂ ಹೇಳೇ.’ ಬಾಗಿಲು ತೆಗೆಯದೆ ಒಳಗಿನಿಂದಲೇ ನಾನು ಹೇಳಿದ್ದೆ. ‘ನಾನೇನು ಹೇಳ್ಲಿ? ನಾನೇ ನೋಡಿದೀನಲ್ಲ.’

ಆ ದಿನ ಜಬೀನ್ ಬರೆದದ್ದನ್ನೂ ಒರೆಸಿ, ಹಲಗೆಯನ್ನು ಖಾಲಿ ಬಿಟ್ಟು ಜಾಲರಿಗೆ ಬೀಗ ಹಾಕಿದೆವು. ನನಗೆ ತಿಳಿದ ಹಾಗೆ ಹಲಗೆ ಖಾಲಿ ಇದ್ದದ್ದು ಅದೇ ಮೊದಲು.

ಜಬೀನ್ ರಜೆ ಹಾಕಿದಳು. “ಟಾಕೀಸ್ ಆಪರೇಟರ್ ಇನ್ನೂ ಇದಾರೆ ನಳಿನಕ್ಕ. ಸಕ್ಕರೆ ಕಾಯಿಲೆ, ತಿಂಗಳಿಗೊಂದ್ಸಲ ರಕ್ತ ಕೊಡೋಕೆ ಬರ್ತಾರೆ. ಮುನಿವೆಂಕಟ ಅಂತ. ಹೋಗೋಣ ಬನ್ನಿ,” ಎಂದಳು.

ಮುನಿವೆಂಕಟನ ಮನೆ ಟಾಕೀಸಿನ ಹಿಂದಿನ ಗಲ್ಲಿಯಲ್ಲಿತ್ತು. ಎಪ್ಪತ್ತು ದಾಟಿದ ಮನುಷ್ಯ, ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ನನ್ನನ್ನು ನೋಡಿ ಮೊರವನ್ನು ಪಕ್ಕಕ್ಕಿಟ್ಟ.

“ಕಾಂಪೌಂಡರ್ ಸೇತುರಾಮಯ್ಯನವರ ಎರಡನೇ ಮಗಳಲ್ವೇನಮ್ಮ? ಬೆಳಿಗ್ಗೆ ಹಲಗೆ ಹತ್ರ ಆಗಿದ್ದು ಇಲ್ಲಿಗೂ ಬಂತು. ಮೂವತ್ತೊಂದು ವರ್ಷಕ್ಕೆ ಒಬ್ರು ಕೇಳೋಕೆ ಬಂದ್ರಲ್ಲ, ಕೂತ್ಕೊಳ್ಳಿ.”

ಅವನು ಹೇಳಿದ್ದು ಇಷ್ಟು. ಏಳನೆಯ ರೀಲು ಮುಗಿಯುವಾಗ ನಾಯಕಿ ನೀರಿಗಿಳಿಯುತ್ತಾಳೆ. ನೀರು ಕುತ್ತಿಗೆಗೆ ಬರುತ್ತದೆ, ತಲೆ ಮುಳುಗುತ್ತದೆ, ಪರದೆಯ ಮೇಲೆ ‘ವಿರಾಮ’ ಎಂದು ಬೀಳುತ್ತದೆ. ಜನ ಹೊರಗೆ ಬಂದು ಬೀಡಿ ಹಚ್ಚಿದರು, ಸೋಡಾ ಕುಡಿದರು. ಸೋಡಾ ಅಂಗಡಿಯ ಹತ್ತಿರ ಯಾರೋ, ಮುಂದೆ ಏನು ಬರುತ್ತದೆ ಗೊತ್ತಾ ಎಂದರು. ಇನ್ನೊಬ್ಬರು ಅದಕ್ಕೆ ಒಂದು ಸೇರಿಸಿದರು. ಬೆಲ್ ಹೊಡೆಯುವುದರೊಳಗೆ ಒಳಗೆ ಬಂದವರು ಕುರ್ಚಿ ಕೀಳತೊಡಗಿದ್ದರು.

“ಎಂಟನೇ ರೀಲನ್ನ ನಾನು ಮಿಷಿನ್ನಿಗೆ ಹಾಕಲೇ ಇಲ್ಲ ತಾಯಿ. ಡಬ್ಬದಿಂದ ತೆಗೆದಿರಲೇ ಇಲ್ಲ. ಊರಲ್ಲಿ ಅದನ್ನ ನೋಡಿದೋನು ನಾನೊಬ್ಬನೇ, ಹಿಂದಿನ ದಿನ ಟ್ರಯಲ್ ಹಾಕಿದಾಗ. ತೆಗೆಯೋವಾಗ್ಲೂ ಆ ಸೀನಿಗೆ ಹೊರಗಿನಿಂದ ಜನ ಕರ್ಕೊಂಡು ಬಂದಿದ್ರು, ಊರೋರನ್ನ ಏರಿ ಹತ್ರ ಬಿಟ್ಟಿರ್ಲಿಲ್ಲ. ನಿಮ್ಮಕ್ಕ ಮೈತುಂಬ ಸೀರೆ ಉಟ್ಕೊಂಡೇ ಮೇಲೆ ಬರ್ತಾಳೆ. ಕೈತುಂಬ ಕೆಸರು. ಏರಿ ಮೇಲೆ ಬಂದು ಬೀಳ್ತಾಳೆ. ಹೆಂಗಸರು ಓಡಿಬಂದು ತಮ್ಮ ಸೆರಗು ಹೊದಿಸ್ತಾರೆ. ಗಂಡಸರು ಕೈ ಮುಗೀತಾರೆ. ನಾನು ಮಿಷಿನ್ ರೂಮಲ್ಲಿ ಒಬ್ನೇ ಕೂತು ಅತ್ತಿದ್ದೆ.”

“ಇದನ್ನ ಆಗಲೇ ಯಾಕೆ ಹೇಳ್ಲಿಲ್ಲ ತಾತ?” ಎಂದಳು ಜಬೀನ್.

“ಹೇಳಿದ್ನಲ್ಲ! ಕೇಳಿದೋರು ಯಾರು? ಎಲ್ಲರೂ ‘ನಾವೇ ನೋಡಿದೀವಿ, ನೀನ್ಯಾವನೋ ಹೇಳೋಕೆ’ ಅಂದ್ರು. ಕೊನೆಗೆ ಅವತ್ತು ಸಾಯಂಕಾಲಾನೇ ಆಸ್ಪತ್ರೆಗೆ ಹೋಗಿ ನಿಮ್ಮಪ್ಪನಿಗೆ ಹೇಳಿದೆ. ಔಷಧಿ ಬಾಟ್ಲಿಗೆ ಚೀಟಿ ಅಂಟಿಸ್ತಾ ಇದ್ರು. ಪೂರ್ತಿ ಕೇಳಿಸ್ಕೊಂಡ್ರು. ‘ನೀನು ಸುಳ್ಳು ಹೇಳೋನಲ್ಲ, ನಂಬ್ತೀನಿ ಮುನಿವೆಂಕಟ’ ಅಂದ್ರು. ಅಷ್ಟೇ.”

ನಾನು ಎದ್ದು ನಿಂತೆ. “ಅದು ಆಗಲ್ಲ. ನಮ್ಮಪ್ಪ ಅಂಥೋರಲ್ಲ,” ಎಂದೆ. ನಾನು ಕಂಡ ಅಪ್ಪ ಅಕ್ಕನ ಫೋಟೋ ಗೋಡೆಯಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕಿದವರು. ಅದನ್ನು ನಾನು ಸಿಟ್ಟು ಎಂದುಕೊಂಡಿದ್ದೆ, ಮೋಸಹೋದ ತಂದೆಯ ಸಿಟ್ಟು. ಕೊನೆಯ ಆರು ವರ್ಷ ಹಾಸಿಗೆ ಹಿಡಿದಿದ್ದವರಿಗೆ ಅನ್ನ ಕಲಸಿ ತಿನ್ನಿಸಿದವಳು ನಾನು. ಒಂದು ದಿನವೂ ಅವರ ಬಾಯಿಂದ ಆ ಹೆಸರು ಬರಲಿಲ್ಲ. ಗೊತ್ತಿದ್ದೂ ಒಬ್ಬ ತಂದೆ ಹಾಗೆ ಇರಲು ಸಾಧ್ಯವೆ?

ಮುನಿವೆಂಕಟ ವಾದ ಮಾಡಲಿಲ್ಲ. ಒಳಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟ. “ವರ್ಷಕ್ಕೊಂದು ಕಾಗದ ಹಾಕ್ತಾಳೆ ನಂಗೆ, ಪುಣ್ಯಾತ್ಗಿತ್ತಿ. ಸಮುದ್ರದ ಕಡೆ ಊರು. ಹೊಲಿಗೆ ಕಲಿಸೋ ಶಾಲೆ ನಡೆಸ್ತಾಳಂತೆ. ಫೋನ್ ನಂಬರ್ ಅದರಲ್ಲೇ ಇದೆ.”

ಮಧ್ಯಾಹ್ನ ಲೈಬ್ರರಿಯ ಮಹಡಿಯ ಮೇಲೆ ಮತ್ತೆ ಸೇರಿದಾಗ ಗುರುಶಾಂತಪ್ಪನವರ ಕೈಯಲ್ಲಿ ಹಳೆಯ ಫೈಲೊಂದಿತ್ತು. ಸಿನಿಮಾವನ್ನು ಇಡೀ ಸೀಮೆಯಲ್ಲಿ ನಿಲ್ಲಿಸಬೇಕೆಂದು ಆಗ ಊರಿನವರು ಬರೆದ ಮನವಿಯ ನಕಲು. ‘ಕೆಳಗೆ ಸಹಿ ಮಾಡಿರುವ ನಾವು ಸದರಿ ಚಿತ್ರವನ್ನು ಕಣ್ಣಾರೆ ಕಂಡು’ ಎಂದು ಶುರುವಾಗಿತ್ತು. ನಾನೂರ ಹನ್ನೆರಡು ಸಹಿಗಳು. ಮೊದಲನೆಯದು ಗುರುಶಾಂತಪ್ಪನವರದೇ.

“ನಾನು ಮ್ಯಾಟಿನಿಗೂ ಹೋಗಿರ್ಲಿಲ್ಲ,” ಎಂದರು ಅವರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. “ಅವತ್ತು ಹೊರಗಿನ ಹಳ್ಳೀಲಿ ಚೈನ್ ಹಿಡಿದು ಜಮೀನು ಅಳೀತಿದ್ದೆ. ಸಾಯಂಕಾಲ ಬಂದಾಗ ಎಲ್ಲರೂ ಹೇಳಿದ್ರು. ಒಳ್ಳೆ ಅಕ್ಷರ ನಿಂದು, ಬರಿ ಅಂದ್ರು. ಬರೆದೆ. ಆಮೇಲಾಮೇಲೆ ನೋಡಿದೀನಿ ಅಂತಾನೇ ಅನ್ಸೋಕೆ ಶುರುವಾಯ್ತು. ಮೂವತ್ತೊಂದು ವರ್ಷ ಹಲಗೆ ಮೇಲೆ ಒಂದು ಸುಳ್ಳು ಬರೀಲಿಲ್ಲ ಅಂತ ಬೀಗ್ತಿದ್ನಲ್ಲಮ್ಮ.”

ಜಬೀನ್ ಸಹಿಗಳ ಮೇಲೆ ಬೆರಳಾಡಿಸುತ್ತ ಹೋಗುತ್ತಿದ್ದಳು. ಮೂರನೆಯ ಹಾಳೆಯ ನಡುವೆ ಅವಳ ಬೆರಳು ನಿಂತಿತು. ಹಾಳೆಯನ್ನು ಮುಚ್ಚಲು ನೋಡಿದಳು. ನಾನು ಎಳೆದುಕೊಂಡೆ. ‘ಎಸ್. ಸೇತುರಾಮಯ್ಯ, ಕಾಂಪೌಂಡರ್’. ಔಷಧಿ ಚೀಟಿಗಳ ಮೇಲೆ ಬರೆಯುತ್ತಿದ್ದ ಅದೇ ವಾಲುಬರಹ. ಕೆಳಗೆ ತಾರೀಖು. ಗಲಾಟೆಯಾದ ಮೂರನೆಯ ದಿನ. ಮುನಿವೆಂಕಟ ಅವರನ್ನು ಕಂಡ ಎರಡು ದಿನದ ಮೇಲೆ.

ನನಗೆ ನೀರು ಬೇಕೆನಿಸಿತು. ಲೋಕಪಾಲ ತಂದುಕೊಟ್ಟ. “ನಾನು ಸೋಡಾ ಅಂಗಡಿ ಹತ್ರ ಇದ್ದೆ ನಳಿನಿ,” ಎಂದ. “ಅದಕ್ಕೆ ಒಂದು ಸೇರಿಸಿದೋರಲ್ಲಿ ನಾನೂ ಇದ್ದೆ ಅನ್ಸುತ್ತೆ. ಗಂಡಸರು ನಗ್ತಾರೆ ಅಂದಿದ್ದು ನಾನೇ ಇರಬೇಕು. ಆಗ ನಾವೆಲ್ಲ ನಗ್ತಾ ಇದ್ವಿ.”

ಸಾಲು ಯಾವುದೆಂದು ಚರ್ಚೆಯಾಯಿತು. ‘ಎಂಟನೇ ರೀಲು ಓಡಲೇ ಇಲ್ಲ’ ಎಂದು ಬರೆದು ಸುಮ್ಮನಾಗೋಣ, ಯಾರ ಮನಸ್ಸೂ ನೋಯುವುದಿಲ್ಲ ಎಂದರು ಗುರುಶಾಂತಪ್ಪನವರು. ಜಬೀನ್ ಒಪ್ಪಲಿಲ್ಲ. “ಅದು ಮಿಷಿನ್ ಬಗ್ಗೆ ಸಾಲು ಸರ್. ಆಗಿದ್ದು ಮನುಷ್ಯರಿಂದ.” ಮತ್ತೆ ಮತ್ತೆ ತಿದ್ದಿ, ಕಡೆಗೆ ಒಂದು ಸಾಲಿಗೆ ಬಂದೆವು. ಪ್ರೂಫ್ ನೋಡುವವಳು ನಾನೇ ಆದ್ದರಿಂದ ಕಾಗುಣಿತ ನೋಡಿ ಕೊಟ್ಟೆ. ಮಾಡಲು ಬೇರೇನೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಜನ ನೂರಕ್ಕೂ ಮಿಕ್ಕಿದ್ದರು. ಬಸ್ಸಿನ ಡ್ರೈವರ್ ಕೂಡ ಇಂಜಿನ್ ಆರಿಸಿ ಇಳಿದು ನಿಂತಿದ್ದ. ಗುರುಶಾಂತಪ್ಪನವರು ಬರೆದರು. ‘ನಿಮಗೆ ಗೊತ್ತಾ? ತೂಬಿನ ಹೆಣ್ಣು ಸಿನಿಮಾವನ್ನು ಕಣ್ಣಾರೆ ಕಂಡಿದ್ದೇವೆಂದು ಸಹಿ ಹಾಕಿದ ನಮ್ಮೂರಿನ ನಾನೂರ ಹನ್ನೆರಡು ಜನರಲ್ಲಿ ಒಬ್ಬರೂ ವಿರಾಮದ ನಂತರದ್ದನ್ನು ನೋಡಿರಲಿಲ್ಲ.’

ಸಾಲು ನಿಂತಿತು. ಒಂದು ಚೂರೂ ಉದುರಲಿಲ್ಲ. ಸೈಕಲ್ಲಿನವರೆಲ್ಲ ಕಾಲೂರಿ ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೆಲವರು ಬಂದಷ್ಟೇ ಸದ್ದಿಲ್ಲದೆ ಹಿಂದಿನ ಬೀದಿಗೆ ತಿರುಗಿದರು. “ಇದೆಲ್ಲ ಈಗ ಯಾಕೆ ಬೇಕಿತ್ತು?” ಎಂದು ಒಬ್ಬ ಹೆಂಗಸು ಗೊಣಗಿದಳು.

ಜನ ಕರಗಿದ ಮೇಲೆ ನಾನು ಗುರುಶಾಂತಪ್ಪನವರನ್ನು ಕೇಳಿದೆ. “ಒಂದೇ ಒಂದು ಸಾಲು ಸರ್. ಮನೆ ವಿಷಯ. ಬರೆದು ಆಮೇಲೆ ಒರೆಸ್ತೀನಿ.”

ಅವರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, ಹಲಗೆಗೆ ಬೆನ್ನು ತಿರುಗಿಸಿ ನಿಂತರು.

‘ಸೇತುರಾಮಯ್ಯನವರಿಗೆ ಸಹಿ ಹಾಕುವಾಗ ಸತ್ಯ ಗೊತ್ತಿತ್ತು’ ಎಂದು ಬರೆದೆ. ಮುನಿವೆಂಕಟನಿಗೆ ವಯಸ್ಸಾಗಿದೆ, ತಪ್ಪು ನೆನಪಿರಬಹುದು. ನನಗೇ ಇರಲಿಲ್ಲವೆ? ಬೀಳಲಿ ಎಂದು ಕಾದೆ. ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಬಸ್ಸು ಬಂತು, ಹೋಯಿತು. ಅಕ್ಷರಗಳ ಮೇಲೆ ಬಿಸಿಲು ಬಂತು. ಕೊನೆಗೆ ಜಬೀನ್ ಒದ್ದೆ ಬಟ್ಟೆ ತಂದು ನನ್ನ ಕೈಗಿಟ್ಟಳು. ಎರಡು ಸಲ ತಿಕ್ಕಬೇಕಾಯಿತು.

ಮನೆಗೆ ಬಂದು ಆ ಇನ್‌ಲ್ಯಾಂಡ್ ಲೆಟರಿನ ನಂಬರಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು.

“ನಾನು ನಳಿನಿ,” ಎಂದೆ.

“ಯಾವ ನಳಿನಿ?”

“ನಿನ್ನ ತಂಗಿ.”

ಬಾಗಿಲು ಹಾಕಿಕೊಂಡಳೇನೋ, ಯಂತ್ರಗಳ ಸದ್ದು ದೂರವಾಯಿತು. “ಹೇಳು,” ಎಂದಳು.

“ಆ ದೃಶ್ಯ ಸಿನಿಮಾದಲ್ಲಿ ಇರಲೇ ಇಲ್ಲ ಅಕ್ಕ. ಹಲಗೆ ಮೇಲೆ ಬರೆದು ನೋಡಿದ್ವಿ.”

“ಬರೆದು ನೋಡಿದ್ರಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ನಂಗೆ ಗೊತ್ತಿಲ್ವೇನೇ? ನೀರೊಳಗೆ ಇದ್ದೋಳು ನಾನು.”

ಕ್ಷಮಿಸು ಎನ್ನಲು ಫೋನ್ ಮಾಡಿದ್ದೆ. ಆ ಮಾತು ಬಾಯಿಗೆ ಬರಲಿಲ್ಲ, ಬೇರೆ ಮಾತು ಬಂತು. “ಅಪ್ಪನಿಗೂ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಸಹಿ ಹಾಕಿದ್ರು.”

“ಹೂಂ. ಬಸ್ ಹತ್ತಿಸೋಕೆ ಬಂದಾಗ ಅವರೇ ಹೇಳಿದ್ರು. ‘ತಪ್ಪು ನಿಂದಲ್ಲ ಮಗಳೇ, ಮುನಿವೆಂಕಟ ಎಲ್ಲಾ ಹೇಳಿದ. ಆದ್ರೆ ಊರೆಲ್ಲಾ ಒಂದು ಕಡೆ ಇದೆ. ನೀನು ಇಲ್ಲಿದ್ರೆ ನಳಿನಿಗೆ ಗಂಡು ಸಿಗಲ್ಲ. ಅವಳದೊಂದು ಮದುವೆ ಆಗ್ಲಿ, ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ’ ಅಂದ್ರು. ಕಿಟಕಿ ಸರಳು ಹಿಡ್ಕೊಂಡು ಅಳ್ತಾ ಇದ್ರು. ನಾನೂ ಹೂಂ ಅಂದೆ. ಎರಡು ಮೂರು ವರ್ಷ ಕಾದೆ, ಆಮೇಲೆ ಕಾಯೋದು ಬಿಟ್ಟೆ.”

ನನ್ನನ್ನು ನೋಡಲು ಏಳು ಕಡೆಯವರು ಬಂದಿದ್ದರು. ಏಳು ಕಡೆಯವರೂ ಉಪ್ಪಿಟ್ಟು ತಿಂದು, ‘ಆ ಸಿನಿಮಾದವಳ ತಂಗಿಯಂತಲ್ಲ’ ಎಂದು ಹೇಳಿಕಳಿಸಿದ್ದರು. ಏಳನೆಯವರು ಬೇಡವೆಂದ ದಿನ ಅಪ್ಪ ಜಗಲಿಯಲ್ಲಿ ಸಾಯಂಕಾಲದವರೆಗೂ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಅಳುತ್ತ ಕೂತಿದ್ದರು. ಆಮೇಲೆ ಯಾರನ್ನೂ ಕರೆಯಲಿಲ್ಲ. ಅವರು ಅತ್ತದ್ದು ನನಗಾಗಿ ಎಂದುಕೊಂಡಿದ್ದೆ.

“ಹೇಳೇ,” ಎಂದಳು ಅಕ್ಕ. ಅವಳ ದನಿ ಈಗ ಸ್ವಲ್ಪ ಹಗುರಾಗಿತ್ತು, ಮನೆಯವರ ಹತ್ತಿರ ಮಾತಾಡುವ ದನಿ. “ಮದುವೆ ಯಾವಾಗಾಯ್ತು ನಿಂದು? ಮಕ್ಕಳೆಷ್ಟು?”

“ಆಗ್ಲಿಲ್ಲ ಅಕ್ಕ.”

“ಏನಂದೆ?”

“ಮದುವೆ ಆಗ್ಲೇ ಇಲ್ಲ ಅಂದೆ.”

ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಅಕ್ಕಾ ಎಂದು ಕೂಗಿದೆ. ಆಮೇಲೆ ಅವಳು ಕೇಳಿದಳು. ಬೈಯಲು ಕೇಳಿದ್ದಲ್ಲ. ದಾರಿ ತಪ್ಪಿದವರು ಎದುರಿಗೆ ಸಿಕ್ಕವರನ್ನು ದಾರಿ ಕೇಳುತ್ತಾರಲ್ಲ, ಹಾಗೆ, ತೀರಾ ಮೆಲ್ಲಗೆ ಕೇಳಿದಳು.

“ಹಾಗಾದ್ರೆ ನಾನು ಯಾಕೆ ಬಸ್ ಹತ್ತಿದೆ?”